ಚಾವಿ ಯಾರಿಗೂ ಕೊಟ್ಟಿಲ್ಲ ಎಂದವಳು

ನಾನು ಡಿಗ್ರಿ ಪಡೆಯುವುದು ಈ ಜನ್ಮದಲ್ಲಿ ಆಗುವ ಮಾತಲ್ಲ ಎಂದು ಮೊದಲು ಹೇಳಿದವನು ನಮ್ಮ ಮಾಯಪ್ಪ ಕಾಕಾ. ಆ ಮಾತನ್ನು ಸುಳ್ಳು ಮಾಡುವ ಹಟದಲ್ಲಿ ನಾನು ಒಬ್ಬ ಮುದುಕಿಗೆ ಅನ್ಯಾಯ ಮಾಡಿದೆ. ಸ್ಪೇನ್ ದೇಶದ ಗುಡ್ಡಗಾಡಿನ ಒಂದು ಹಳ್ಳಿಯಲ್ಲಿ, ಅವಳು ಜೀವನವಿಡೀ ಕಾದುಕೊಂಡು ಬಂದ ಚರ್ಚಿನ ಚಾವಿಯನ್ನು ಅವಳ ಕೈಯಿಂದ ತೆಗೆದುಕೊಂಡರು. ತಪ್ಪು ಮಾಡಿದವಳು ನಾನು. ಮೂರು ಹೆಜ್ಜೆಯ ಆಚೆ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಅವಳ ಹೆಸರು ತೆರೇಸಾ. ಅವಳಿಗೆ ಕನ್ನಡ ಬರುವುದಿಲ್ಲ, ಇದನ್ನು ಓದಲಾರಳು. ಆದರೂ ನಮ್ಮ ಜನರ ಮುಂದೆ, ನಮ್ಮ ಭಾಷೆಯಲ್ಲಿಯೇ ಹೇಳಬೇಕು ಅನಿಸಿದೆ — ಯಾಕೆಂದರೆ ನಾನು ಮಾಡಿದ ಕೆಲಸ ಏನೆಂಬುದು ನಿಮಗೆ ಒಂದು ಮಾತಿನಲ್ಲಿ ತಿಳಿಯುತ್ತದೆ. ಅಲ್ಲಿಯವರಿಗೆ ವಿವರಿಸಿ ವಿವರಿಸಿ ನನ್ನ ನಾಲಿಗೆ ಸೋತಿದೆ.

ನಾವು ಕುರುಬರು. ಊರು ರಾಯಬಾಗ ತಾಲೂಕಿನ ದಿಗ್ಗೇವಾಡಿ. ಊರು ಎಂದು ಹೇಳುವುದಷ್ಟೇ, ವರ್ಷದ ಬಹಳ ದಿನ ಅಪ್ಪ ಅವ್ವ ಇರುವುದು ಕಬ್ಬು ಕಡಿದ ಯಾರದೋ ಹೊಲದಲ್ಲಿ, ಕುರಿ ಕೂಡಿಸಿಕೊಂಡು. ನಾನು ಹತ್ತನೆಯದು ಪಾಸಾಗಿ ಕಾಲೇಜಿಗೆ ಹೋಗುತ್ತೇನೆ ಎಂದಾಗ ಕಾಕಾ ಎಲೆಯಡಿಕೆ ಉಗುಳಿ ಬಂದು ಹೇಳಿದ್ದು ಹೀಗೆ:

"ಏ ಅಣ್ಣಾ, ಕುರಿ ಹಿಂದ ತಿರಗೂ ಪೋರಿಗಿ ಕಾಲೇಜ ಯಾಕೋ? ಈಕಿ ಡಿಗ್ರಿ ತಗೊಂಡ ದಿನಾ ನನ್ನ ರುಮಾಲ ಬಿಚ್ಚಿ ಆ ಟಗರಿಗಿ ಸುತ್ತತೇನಿ. ಬರದ ಇಟ್ಕೋ."

ಅಪ್ಪ ಕುರಿಯ ಕಾಲು ನೋಡುತ್ತ ಕೂತಿದ್ದ. ತಲೆ ಎತ್ತದೆ, "ಟಗರಿಗಿ ನಿನಕಿಂತ ಚಂದ ಒಪ್ಪತೈತಿ ಬಿಡೋ" ಎಂದ.

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಚಿಕ್ಕೋಡಿಯಲ್ಲಿ ಬಿ.ಎ. ಮುಗಿಸಿದೆ. ಬಸ್ಸಿನ ಹಿಂದಿನ ಸೀಟಿನಲ್ಲಿ, ಮೈಯಿಂದ ಕುರಿಯ ವಾಸನೆ ಬರುತ್ತದೆ ಎಂದು ಮೂಗು ಮುಚ್ಚಿಕೊಂಡವರ ನಡುವೆ ಕೂತು ಓದಿ ಮುಗಿಸಿದೆ. ಫಲಿತಾಂಶ ಬಂದ ದಿನ ನನ್ನ ಅಣ್ಣ ಟಗರನ್ನು ಹಗ್ಗ ಹಿಡಿದು ಕಾಕಾನ ಬಾಗಿಲಿಗೇ ಎಳೆದೊಯ್ದ. "ಕಾಕಾ, ರುಮಾಲ ಬಿಚ್ಚು. ಟಗರ ಕಾಯಾಕತ್ತೈತಿ."

"ಬಿ.ಎ. ಏನ್ ಡಿಗ್ರೀನ ಲೇ? ಓಣಿಗಿ ನಾಕ ಅದಾವು. ಪರದೇಶಕ್ಕ ಹೋಗಿ ಕಲತ ಬಂದ್ರ ಅದು ಡಿಗ್ರಿ!"

ಎಂ.ಎ. ಮಾಡಿದೆ, ಧಾರವಾಡದಲ್ಲಿ. ಹಳೆಯ ಕಟ್ಟಡಗಳ ಅಳತೆ ತೆಗೆಯುವುದು, ನಕ್ಷೆ ಬರೆಯುವುದು ಕಲಿತೆ. ಅಷ್ಟರಲ್ಲಿ ಒಂದು ಅವಕಾಶ ಬಂತು: ಸ್ಪೇನಿನ ಉತ್ತರದಲ್ಲಿ, ಪಿರನೀಸ್ ಪರ್ವತದ ಒಂದು ಕಣಿವೆಯಲ್ಲಿ, ಮಧ್ಯಯುಗದ ಸಣ್ಣ ಸಣ್ಣ ಚರ್ಚುಗಳನ್ನು ಅಳೆದು ದಾಖಲಿಸುವ ಬೇಸಿಗೆ ಶಿಬಿರ. ವಿಮಾನದ ಖರ್ಚು ಅವರದೇ. ಶಿಬಿರ ಮುಗಿಸಿ, ಅದರ ಮುಖ್ಯಸ್ಥರಿಂದ ಶಿಫಾರಸು ತಂದರೆ ಪಿಎಚ್.ಡಿ.ಗೆ ಶಿಷ್ಯವೇತನ ಸಿಗುವುದು ಹೆಚ್ಚುಕಡಿಮೆ ಖಾತ್ರಿ. ನಡುವೆ ವಾಪಸು ಕಳಿಸಿದರೆ — ಏನೂ ಇಲ್ಲ. ಮತ್ತೆ ಕುರಿ, ಮತ್ತೆ ಕಾಕಾ.

ಹೊರಡುವಾಗ ಅವ್ವ ಶೇಂಗಾ ಚಟ್ನಿ, ಖಡಕ್ ರೊಟ್ಟಿಯ ಜೊತೆಗೆ ಒಂದು ಸಣ್ಣ ಗಂಟು ಭಂಡಾರ ಕಟ್ಟಿಕೊಟ್ಟಳು. ಭಂಡಾರ ಅಂದರೆ ಅರಿಶಿನದ ಪುಡಿಯೇ. ನಾವು ನಮ್ಮ ಬೀರಪ್ಪನಿಗೆ ಹಚ್ಚಿ ನಮ್ಮ ಹಣೆಗೂ ಹಚ್ಚಿಕೊಳ್ಳುವಾಗ ಅದಕ್ಕೆ ಆ ಹೆಸರು. "ಅಲ್ಲಿ ನಮ್ಮ ಬೀರಪ್ಪ ಸಿಗಾಕಿಲ್ಲ. ಯಾವ ದೇವರು ಸಿಗತೈತಿ ಅದಕ್ಕ ಹಚ್ಚು. ದೇವರ ಮುಂದ ಬರಿಗೈಲೆ ನಿಂದರಬ್ಯಾಡ" ಎಂದಳು.

ಆ ಕಣಿವೆಯನ್ನು ಹೇಗೆ ಹೇಳಲಿ — ಹೊಳೆ ಒಂದು ನಡುವೆ, ಎರಡೂ ಕಡೆ ಆಕಾಶಕ್ಕೆ ಹತ್ತಿದ ಗುಡ್ಡ, ಊರಿಗೊಂದು ಚರ್ಚು. ಪುಸ್ತಕದಲ್ಲಿ ಅವಕ್ಕೆ ರೋಮನೆಸ್ಕ್ ಶೈಲಿ ಎನ್ನುತ್ತಾರೆ. ನಮ್ಮ ಕಡೆಯ ಹಳೆಯ ಕಲ್ಲುಗುಡಿಗಳು ಎದ್ದ ಕಾಲದಲ್ಲಿಯೇ ಎದ್ದವು. ನಮ್ಮವರು ಕಲ್ಲಿನ ಮೇಲೆ ಕಲ್ಲನ್ನು ಅಡ್ಡ ಮಲಗಿಸಿದರು. ಅಲ್ಲಿಯವರು ಕಲ್ಲುಗಳನ್ನು ಒಂದರ ಹೆಗಲಿಗೆ ಇನ್ನೊಂದನ್ನು ಆನಿಸಿ ಅರ್ಧ ಬಳೆಯ ಹಾಗೆ ಕಮಾನು ಮಾಡಿದರು. ದಪ್ಪ ಗೋಡೆ, ಕೈ ತೂರುವಷ್ಟೇ ಕಿಟಕಿ, ಒಳಗೆ ಕತ್ತಲು, ತಂಪು. ಒಳಗೆ ಕಾಲಿಟ್ಟ ಕೂಡಲೆ ನನ್ನ ಕಾಲುಗಳು ತಾವೇ ಚಪ್ಪಲಿ ಬಿಟ್ಟಿದ್ದವು. ಜೊತೆಯ ಹುಡುಗಿಯರು ನಕ್ಕರು. ನಕ್ಕರೆ ನಗಲಿ, ಇವತ್ತಿಗೂ ನಾನು ಯಾವ ದೇವರ ಮನೆಗೂ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ.

ನಮ್ಮ ಪಾಲಿಗೆ ಬಂದ ಚರ್ಚಿನ ಚಾವಿ ತೆರೇಸಾಳ ಹತ್ತಿರ ಇತ್ತು. ಗೇಣುದ್ದದ ಕಬ್ಬಿಣದ ಚಾವಿ. ಅವಳ ಅಜ್ಜಿ, ಆಮೇಲೆ ಅವಳ ತಾಯಿ, ಆಮೇಲೆ ಅವಳು — ಬಾಗಿಲು ತೆಗೆಯುವುದು, ಶನಿವಾರ ಕಸ ಹೊಡೆಯುವುದು, ಮೇಣದಬತ್ತಿ ಇಡುವುದು ಅವರ ಮನೆಯ ಕೆಲಸ. ಅದಕ್ಕೆ ಯಾರೂ ಏನೂ ಕೊಡುತ್ತಿರಲಿಲ್ಲ. ಕಪ್ಪು ಏಪ್ರನ್ನಿನ ದಾರಕ್ಕೆ ಚಾವಿ ಸಿಕ್ಕಿಸಿಕೊಂಡು ಅವಳು ಓಣಿಯಲ್ಲಿ ನಡೆದರೆ ನಮ್ಮೂರ ಗೌಡ್ತಿಗಿಂತ ಗತ್ತು.

ಅವಳಿಗೂ ಕುರಿಗಳಿದ್ದವು. ಬೇಸಿಗೆಗೆ ಹಿಂಡು ಮೇಲಿನ ಗುಡ್ಡಕ್ಕೆ ಹೋಗಿತ್ತು, ಕುಂಟುವ ಕೆಲವನ್ನು ಮಾತ್ರ ಮನೆಯಲ್ಲಿ ಉಳಿಸಿಕೊಂಡಿದ್ದಳು. ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ನೋಡುತ್ತೇನೆ, ಅವಳು ಒಂದು ಕುರಿಯನ್ನು ಹಿಡಿದು ಕೆಡವಲು ಒದ್ದಾಡುತ್ತಿದ್ದಾಳೆ. ನಾನು ಬ್ಯಾಗು ಬಿಸಾಕಿ ಓಡಿ, ಕುರಿಯನ್ನು ಕುಂಡಿಯ ಮೇಲೆ ಕೂಡಿಸಿ, ಅದರ ಬೆನ್ನನ್ನು ನನ್ನ ಮೊಣಕಾಲಿಗೆ ಒರಗಿಸಿಕೊಂಡೆ. ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಚಾಕು ನನ್ನ ಕೈಗೆ ಕೊಟ್ಟಳು. ಕೊಳೆತ ಗೊರಸನ್ನು ನಾನೇ ಹೆರೆದೆ. ಆ ದೇಶದಲ್ಲಿ ಮೊದಲ ಸಲ ಯಾರೋ ನನ್ನನ್ನು ಏನನ್ನೂ ಕಲಿಸಬೇಕಾಗಿಲ್ಲದವಳ ಹಾಗೆ ನೋಡಿದ್ದರು.

ಅಂದಿನಿಂದ ದಿನಾ ಸಂಜೆ ಅವಳ ಅಂಗಳಕ್ಕೆ ಹೋಗುತ್ತಿದ್ದೆ. ಅವಳಿಗೆ ಇಂಗ್ಲಿಷ್ ಬಾರದು, ನನಗೆ ಅವಳ ಭಾಷೆಯ ಹತ್ತು ಹದಿನೈದು ಶಬ್ದ. ನಾನು ಕುರಿಗಳಿಗೆ ಕನ್ನಡದಲ್ಲಿ ಬೈಯುತ್ತಿದ್ದೆ, ಅವಳು ನಗುತ್ತಿದ್ದಳು.

ಆ ಚರ್ಚಿನ ಒಂದು ಕಂಬದ ತಲೆಯ ಮೇಲೆ ಒಂದು ಕೆತ್ತನೆ. ಒಬ್ಬ ಕುರಿಗಾರ — ದೊಡ್ಡ ದೊಡ್ಡ ಕಣ್ಣು, ಗಿಡ್ಡ ಕಾಲು, ಹೆಗಲ ಮೇಲೆ ಮರಿ, ಮರಿಯ ನಾಲ್ಕೂ ಕಾಲು ಎದೆಯ ಮೇಲೆ ಒಂದೇ ಮುಷ್ಟಿಯಲ್ಲಿ. ನಮ್ಮಪ್ಪ ಮರಿ ಹೊರುವುದು ಹಾಗೆಯೇ. ಅದನ್ನು ಅಳೆಯುವ ಕೆಲಸ ನನ್ನದು. ಅಳೆದೆ, ಬರೆದೆ. ಸಾವಿರ ವರ್ಷದ ಹಿಂದಿನ ಯಾವನೋ ಕಲ್ಲುಕುಟಿಗ, ನಮ್ಮಂಥವರನ್ನು ದೇವರ ಮನೆಯ ಒಳಗೆ, ಕಂಬದ ಮೇಲೆ ಕೂಡಿಸಿದ್ದ — ನಮ್ಮನ್ನು ಹೊಲದ ಬದುವಿನಾಚೆ ನಿಲ್ಲಿಸಿ ಮಾತಾಡುವ ಜನರನ್ನು ನಾನು ಕಂಡಿದ್ದೇನೆ.

ಮರುದಿನ ಸಂಜೆ ತೆರೇಸಾಳ ಹತ್ತಿರ ಹೋಗಿ ಚರ್ಚಿನ ಕಡೆ ಕೈ ತೋರಿಸಿದೆ. ಅವಳು ಕುರಿ ಬಿಟ್ಟು ಏಳಲಾರದೆ ಚಾವಿಯನ್ನೇ ನನ್ನ ಕೈಗೆ ಕೊಟ್ಟಳು. ಒಬ್ಬಳೇ ಹೋದೆ. ಏಣಿ ಹತ್ತಿದೆ. ಗಂಟು ಬಿಚ್ಚಿ ಆ ಕುರಿಗಾರನ ಹಣೆಗೆ, ಮರಿಯ ಹಣೆಗೆ ಭಂಡಾರ ಹಚ್ಚಿದೆ. ಉಳಿದದ್ದನ್ನು ನನ್ನ ಹಣೆಗೆ ಹಚ್ಚಿಕೊಂಡು, ಇಳಿದು, ಬೀಗ ಹಾಕಿ, ಚಾವಿ ತಂದುಕೊಟ್ಟೆ. ಹಣೆಯ ಹಳದಿಯನ್ನು ಅವಳು ನೋಡಿದಳು. ಏನೂ ಕೇಳಲಿಲ್ಲ.

ಕಲ್ಲನ್ನು ಬರಿಗೈಯಿಂದ ಮುಟ್ಟಬಾರದು ಎಂದು ಮೊದಲ ದಿನವೇ ಹೇಳಿದ್ದರು. ನಿಯಮ ಮುರಿದೆ, ಒಪ್ಪುತ್ತೇನೆ. ಆದರೆ ಅದನ್ನು ಹೊಲಸು ಎಂದರೆ ಒಪ್ಪುವುದಿಲ್ಲ. ನಮ್ಮ ದೇವರು ನೂರಾರು ವರ್ಷ ಬಾಳಿದ್ದು ಜನರ ಕೈ ಮುಟ್ಟಿ ಮುಟ್ಟಿ. ಅದಕ್ಕೆ ನಾನು ಅಂದೂ ನಾಚಲಿಲ್ಲ, ಇಂದೂ ನಾಚುವುದಿಲ್ಲ.

ಒಂದನ್ನು ಮಾತ್ರ ಮರೆತೆ. ಆ ಕೆತ್ತನೆಯ ಬಿರುಕುಗಳಿಗೆ ಹಿಂದಿನ ದಿನವಷ್ಟೇ ಹಸಿ ಸುಣ್ಣದ ಗಾರೆ ತುಂಬಿದ್ದೆವು. ಅರಿಶಿನಕ್ಕೆ ಸುಣ್ಣ ತಾಗಿದರೆ ಏನಾಗುತ್ತದೆ ಎಂದು ನಮ್ಮ ಮನೆಯ ಕೂಸನ್ನು ಕೇಳಿದರೂ ಹೇಳುತ್ತದೆ. ಆರತಿಯ ತಟ್ಟೆಯ ನೀರು ಕೆಂಪಾಗುವುದು ಹೇಗೆ?

ಬೆಳಿಗ್ಗೆ ಬಾಗಿಲು ತೆಗೆದಾಗ ಕುರಿಗಾರನ ಹಣೆಯಿಂದ ಕೆಂಪು ಇಳಿದಿತ್ತು. ಮರಿಯ ಮೂತಿಯವರೆಗೂ. ಯಾರೋ ಚೀರಿದರು, ರಕ್ತ ಎಂದು. ಶಿಬಿರದ ಮುಖ್ಯಸ್ಥರು ಏಣಿ ಹತ್ತಿ ನೋಡಿ, ಯಾರೋ ಕಿಡಿಗೇಡಿಗಳು ಬಣ್ಣ ಬಳಿದಿದ್ದಾರೆ ಎಂದರು. ಊರ ಪಂಚಾಯಿತಿಯ ಮನುಷ್ಯ ಬಂದ. ಅವನಿಗೆ ಮೊದಲಿನಿಂದಲೂ ತೆರೇಸಾಳ ಮೇಲೆ ಸಿಟ್ಟು, ಮಳೆ ಬಂದರೆ ಕುರಿಗಳನ್ನು ಚರ್ಚಿನ ಪಡಸಾಲೆಗೆ ಹೊಡೆಯುತ್ತಾಳೆ ಎಂದು.

ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಮುಖ್ಯಸ್ಥರು ಕೇಳಿದರು: ನಿನ್ನೆ ಕೆಲಸ ಮುಗಿದ ಮೇಲೆ ನಿಮ್ಮಲ್ಲಿ ಯಾರಾದರೂ ಒಳಗೆ ಬಂದಿದ್ದಿರಾ? ಬಂದಿದ್ದರೆ ಈಗಲೇ ಹೇಳಿ, ಗಂಟು ಕಟ್ಟಿ ಮನೆಗೆ ಹೊರಡಿ.

ಒಬ್ಬೊಬ್ಬರಾಗಿ ಇಲ್ಲ ಎಂದರು. ನನ್ನ ಸರದಿ ಬಂತು. ಆ ಗಳಿಗೆಯಲ್ಲಿ ನನಗೆ ಕಂಡದ್ದು ಆ ಕಂಬವಲ್ಲ, ದಿಗ್ಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ ನಾನು ಚೀಲ ಹಿಡಿದು ಇಳಿಯುವುದು, ಕಾಕಾ ಎಲೆಯಡಿಕೆ ಜಗಿಯುತ್ತ ನಿಂತಿರುವುದು —

"ಇಲ್ಲ" ಎಂದೆ. ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ.

ಆಮೇಲೆ ಪಂಚಾಯಿತಿಯವನು ತೆರೇಸಾಳ ಕಡೆ ತಿರುಗಿದ. ಚಾವಿ ಯಾರಿಗೆ ಕೊಟ್ಟಿದ್ದೆ? ಅವಳು ನನ್ನನ್ನು ನೋಡಿದಳು. ಬೈಯುವ ನೋಟವಲ್ಲ — ಏನನ್ನೋ ಕೇಳುವ ನೋಟ. ನಾನು ನೆಲ ನೋಡಿದೆ.

"ನಾದಿಯೆ" ಎಂದಳು.

ಯಾರಿಗೂ ಇಲ್ಲ. ಆ ಶಬ್ದ ನನಗೆ ಗೊತ್ತಿರಲಿಲ್ಲ. ಪಕ್ಕದ ಹುಡುಗಿಯನ್ನು ಕೇಳಿ ಅರ್ಥ ತಿಳಿದುಕೊಂಡೆ. ತಿಳಿದ ಮೇಲೂ ಸುಮ್ಮನಿದ್ದೆ. ಹಾಗಾದರೆ ನಿನ್ನದೇ ಹೊಣೆ ಎಂದು ಆ ಮನುಷ್ಯ ಕೈ ಚಾಚಿದ. ಏಪ್ರನ್ನಿನ ದಾರದ ಗಂಟು ಬಿಗಿದುಹೋಗಿತ್ತು, ಬಿಚ್ಚಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಯಾರೂ ಸಹಾಯ ಮಾಡಲಿಲ್ಲ.

ಶಿಬಿರ ಮುಗಿಯಲು ಇನ್ನೂ ದಿನಗಳಿದ್ದವು. ಒಂದು ದಿನವೂ ನಾನು ಅವಳ ಅಂಗಳದ ಕಡೆ ಹೋಗಲಿಲ್ಲ. ಸುತ್ತು ಹಾಕಿ ಬೇರೆ ಓಣಿಯಿಂದ ಓಡಾಡಿದೆ. ಮುಖ್ಯಸ್ಥರು ಶಿಫಾರಸು ಬರೆದುಕೊಟ್ಟರು: ಈಕೆ ಕಲ್ಲನ್ನು ಬಹಳ ಜಾಗ್ರತೆಯಿಂದ ಮುಟ್ಟುತ್ತಾಳೆ, ಎಂದು. ಆ ಸಾಲಿನ ಮೇಲೆ ನನಗೆ ಶಿಷ್ಯವೇತನ ಸಿಕ್ಕಿತು.

ಈಗ ನೀವು ಕೇಳಬಹುದು, ಇಷ್ಟು ವರ್ಷ ಏನು ಮಾಡುತ್ತಿದ್ದೆ ಎಂದು. ಏನೂ ಇಲ್ಲ. ಓದುತ್ತಿದ್ದೆ. ಮರೆಯಲು ನನಗೆ ಕಷ್ಟವಾಗಲಿಲ್ಲ ಎಂಬುದೇ ನಿಜ. ನಿದ್ದೆ ಬರುತ್ತಿತ್ತು, ಊಟ ಸೇರುತ್ತಿತ್ತು. ಪಿಎಚ್.ಡಿ.ಗೆ ಕೃಷ್ಣಾ ದಂಡೆಯ ಸಣ್ಣ ಕಲ್ಲುಗುಡಿಗಳನ್ನು ಆರಿಸಿಕೊಂಡು, ಯಡೂರಿನ ಸುತ್ತ, ಅಥಣಿಯ ಕಡೆ, ಕಾಗವಾಡದ ಕಡೆ ತಿರುಗುತ್ತಿದ್ದೆ. ಕೊಕಟನೂರಿನ ಹಾದಿಯಲ್ಲಿ, ದ್ರಾಕ್ಷಿಯ ತೋಟದ ಅಂಚಿನಲ್ಲಿ ಒಂದು ಮುರುಕು ಗುಡಿ. ಅಲ್ಲಿಯ ಒಂದು ಶಿಲ್ಪವನ್ನು ಮೂರು ದಿನದಿಂದ ಬ್ರಷ್ ಹಿಡಿದು ಸ್ವಚ್ಛ ಮಾಡುತ್ತಿದ್ದೆ. ಊಟ ಮುಗಿಸಿ ಬರುವಷ್ಟರಲ್ಲಿ ತೋಟದ ಯಜಮಾನಿ ಅದರ ತಲೆಗೆ ಎಣ್ಣೆ ಸುರಿದು, ಕುಂಕುಮ ಹಚ್ಚುತ್ತ ನಿಂತಿದ್ದಳು.

ನಾನು ಕೂಗಾಡಿದೆ. "ಕೈ ತಗೀರಿ! ಹಳೇ ಕಲ್ಲ ಹಾಳ ಮಾಡಾಕತ್ತೀರಲ್ಲ, ನಾಚಿಕಿ ಬರೂದಿಲ್ಲೇನ್ರಿ?"

ಅವಳು ತಿರುಗಿ ಸೊಂಟದ ಮೇಲೆ ಕೈ ಇಟ್ಟಳು. "ನೀ ಯಾರ ಬೇ? ಮೂರ ದಿನದಿಂದ ನಮ್ಮ ದೇವರ ಮೈ ತಿಕ್ಕಾಕತ್ತಿ, ತಲಿಗಿ ಒಂದ ಹನಿ ಎಣ್ಣಿ ಇಲ್ಲ. ನೆತ್ತಿ ಒಣಗಿ ಸಾಯಬೇಕೇನ ಅದು? ಹಚ್ಚಿದಾಕಿ ನಾನ. ಯಾರಿಗಿ ಹೇಳತಿ ಹೇಳ ಹೋಗು."

ಹಚ್ಚಿದಾಕಿ ನಾನ. ಎಷ್ಟು ಸಲೀಸಾಗಿ ಅಂದುಬಿಟ್ಟಳು! ನನ್ನ ಕೈಯಲ್ಲಿದ್ದ ಬ್ರಷ್ ಹಾಗೆಯೇ ನಿಂತಿತು. ಆ ಎರಡು ಶಬ್ದ ಆ ದಿನ ನನ್ನ ಬಾಯಿಂದ ಬಂದಿದ್ದರೆ — ಬರಲಿಲ್ಲ. ಇನ್ನೇನು ಹೇಳಲಿ.

ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಎಲ್ಲವನ್ನೂ ಬರೆದೆ. ಕಣಿವೆ, ಕುರಿಗಾರ, ಭಂಡಾರ, ಸುಣ್ಣ, ನನ್ನ ಸುಳ್ಳು. ನನ್ನ ಮಾರ್ಗದರ್ಶಿ ಮೇಡಮ್ ಓದಿ ಕನ್ನಡಕ ತೆಗೆದಿಟ್ಟರು.

"ಸುರೇಖಾ, ಇದನ್ನ ತಗದಬಿಡು. ಇದು ಪ್ರಬಂಧ, ಪೊಲೀಸ್ ಸ್ಟೇಷನ್ ಅಲ್ಲ."

"ತಗಿಯೂದಿಲ್ರಿ ಮೇಡಮ್."

"ಹುಚ್ಚಿ, ಶಿಫಾರಸೇ ಸುಳ್ಳಿನ ಮ್ಯಾಲ ಬಂದದ್ದು ಅಂದ್ರ ಡಿಗ್ರೀನ ತಡೀತಾರ. ಇಷ್ಟ ವರ್ಷದ ದುಡಿತ."

"ತಡೀಲಿ ಬಿಡ್ರಿ."

ತಡೆದರು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಆ ಅಧ್ಯಾಯವನ್ನು ಬೆರಳಲ್ಲಿ ಕುಟ್ಟಿ, ಇಂಥ ಮೂಢನಂಬಿಕೆಯವರ ಕೈಗೆ ಸ್ಮಾರಕಗಳನ್ನು ಕೊಡುವುದು ಹೇಗೆ ಎಂದರು. ನಾನು ಹೇಳಿದೆ: ಭಂಡಾರ ಹಚ್ಚಿದ್ದಕ್ಕೆ ನನ್ನನ್ನು ನಪಾಸು ಮಾಡಬೇಡಿ, ಸುಳ್ಳು ಹೇಳಿದ್ದಕ್ಕೆ ಮಾಡುವುದಾದರೆ ಮಾಡಿ. ಶಿಬಿರದವರಿಗೆ ಪತ್ರ ಹೋಯಿತು, ತಿಂಗಳುಗಟ್ಟಲೆ ಪದವಿಯ ಪಟ್ಟಿಯಲ್ಲಿ ನನ್ನ ಹೆಸರು ಬಾಕಿ ಉಳಿಯಿತು.

ಕೊನೆಗೆ ಉತ್ತರ ಬಂತು. ಆ ಕೆಂಪು ಬಣ್ಣ ಮುಂದಿನ ಬೇಸಿಗೆಯ ಹೊತ್ತಿಗೆ ತಾನಾಗಿಯೇ ಮಾಸಿ ಹೋಗಿತ್ತಂತೆ. ಕಲ್ಲಿಗೆ ಏನೂ ಆಗಿಲ್ಲ, ಪದವಿ ಕೊಡಲು ತಮ್ಮ ಅಡ್ಡಿ ಇಲ್ಲ ಎಂದು ಬರೆದಿದ್ದರು. ಚಾವಿಯ ಬಗ್ಗೆ ಒಂದು ಅಕ್ಷರವಿರಲಿಲ್ಲ. ಅವರನ್ನೇ ಬೆನ್ನು ಹತ್ತಿ ತೆರೇಸಾಳ ತಂಗಿಯ ಮಗಳ ನಂಬರ್ ಪಡೆದೆ. ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ಒಂದು ಭಾನುವಾರ ಅವಳು ಫೋನನ್ನು ದೊಡ್ಡಮ್ಮನ ಮುಂದೆ ಇಟ್ಟಳು. ಮುಖ ತೋರಿಸಲು ತೆರೇಸಾ ಒಪ್ಪಲಿಲ್ಲ, ದನಿ ಮಾತ್ರ.

ನಾನು ಹೇಳಿದೆ. ಆ ಹುಡುಗಿ ಅದನ್ನು ಅವಳ ಭಾಷೆಗೆ ತಿರುಗಿಸಿದಳು. ಹಿಂದೆ ಎಲ್ಲೋ ಒಂದು ಕುರಿ ಒದರಿತು. ಆಮೇಲೆ ತೆರೇಸಾ ಹೇಳಿದ್ದನ್ನು ಹುಡುಗಿ ನನಗೆ ಹೇಳಿದಳು:

"ನಿನ್ನನ್ನು ಮನೆಗೆ ಕಳಿಸಬಾರದು ಎಂದು ಆ ಮಾತು ಹೇಳಿದೆ. ಒಂದು ದಿನದ ಮಟ್ಟಿಗೆ ಹೇಳಿದೆ. ಮರುದಿನ ನೀನೇ ಬರುತ್ತೀ ಅಂದುಕೊಂಡಿದ್ದೆ."

ಚಾವಿ? ಈಗ ಬೀಗವೇ ಬೇರೆಯಂತೆ. ಗುಂಡಿ ಒತ್ತಿ ನಂಬರ್ ಹಾಕಿದರೆ ತೆರೆಯುತ್ತದೆ. ನನ್ನ ಮಾತು ಊರಿಗೆ ತಿಳಿದ ಮೇಲೆ ಪಂಚಾಯಿತಿಯವರು ಮನೆಗೆ ಬಂದು ನಂಬರ್ ಹೇಳುತ್ತೇವೆ ಎಂದರಂತೆ. ಅವಳು ಬಾಗಿಲು ಹಾಕಿಕೊಂಡಳಂತೆ. ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳುವ ಮುಖ ನನಗೆಲ್ಲಿದೆ? ಕಾಕಾನ ಮಾತಿಗೆ ಹೆದರಿದೆ ಎಂದರೆ ತಪ್ಪನ್ನು ಅವನ ಮೇಲೆ ಹಾಕಿದ ಹಾಗಾಗುತ್ತದೆ. ಬಡತನದ ಮೇಲೆ ಹಾಕಿದರೆ, ನನ್ನಷ್ಟೇ ಬಡವಳಾದ ಅವಳು ನನಗಾಗಿ ನಿಂತಳಲ್ಲ. ನಾನು ನಿಲ್ಲಲಿಲ್ಲ. ಅಷ್ಟೇ.

ಪದವಿ ಪ್ರದಾನದ ದಿನ ಕೆಂಪು ಗೌನು ತೊಟ್ಟು ವೇದಿಕೆ ಹತ್ತಿದೆ. ಹೆದರಲಿಲ್ಲ, ನಾಚಲಿಲ್ಲ. ಆ ಅಧ್ಯಾಯದ ಒಂದು ಸಾಲನ್ನೂ ತೆಗೆಯದೆ ಪಡೆದದ್ದು ಅದು. ಪ್ರಮಾಣಪತ್ರವನ್ನು ಕೈಗೆ ಕೊಟ್ಟರು. ಅದೇ ಸಂಜೆಯ ಬಸ್ಸು ಹಿಡಿದು ಯಡೂರಿನ ಹತ್ತಿರ ಕುರಿ ಕೂಡಿಸಿದ ಹೊಲಕ್ಕೆ ಬಂದೆ. ಅವ್ವ ಮೂರು ಕಲ್ಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಎರಡೂ ಅಂಗೈ ಚಾಚಿ ಆ ಕಾಗದವನ್ನು ಇಸಿದುಕೊಂಡಳು.

"ಏನ ಬರದಾರ ಇದರಾಗ? ಓದ."

ಓದಿದೆ. ನನ್ನ ಹೆಸರು, ಅಪ್ಪನ ಹೆಸರು, ವಿಷಯ. ಅವಳು ಅಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸಿದಳು. ಆ ಅಧ್ಯಾಯ ಬರೆದಾಗಲೇ ಅವಳಿಗೆ ಎಲ್ಲ ಹೇಳಿದ್ದೆ.

"ಆ ತೆರೇಸವ್ವಗ ಹೇಳಿದಿ?"

"ಹೇಳೇನಿ ಬೇ. ಫೋನಿನ್ಯಾಗ. ಒಂದೂ ಬಿಡದಂಗ ಹೇಳೇನಿ."

ಅವ್ವ ಕಾಗದವನ್ನು ನನ್ನ ಕೈಗೆ ವಾಪಸು ಇಟ್ಟು, ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿ ಹಾಕಿದಳು.

"ಫೋನಿನ್ಯಾಗ ಹೇಳಿದ್ರ, ನೀ ತಲಿ ತಗ್ಗಿಸಿದ್ದು ಆಕಿಗಿ ಹೆಂಗ ಕಾಣಬೇಕ ಯವ್ವಾ?"